ಗಾಲಿಯ ಒಳಬದಿಯನ್ನೂ ಒಮ್ಮೆ ನೋಡಿ

ಕರಾವಳಿಯ ಬ್ಯಾರಿ ಮನೆಗಳಿಗೂ ಘಟ್ಟದ ಮೇಲಿನ ಊರುಗಳಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಉಪ್ಪು, ಒಣಮೀನು ಹೇರಿಕೊಂಡು ಘಟ್ಟ ಹತ್ತಿ, ಮೆಣಸು, ಏಲಕ್ಕಿಯೊಂದಿಗೆ ಇಳಿದು ಬರುತ್ತಿದ್ದ ಹಿರಿಯರ ಮಾತು ಈಗಲೂ ನಮ್ಮ ಮನೆಗಳಲ್ಲಿ ಬರುತ್ತದೆ. ಇಂದು ಸಕಲೇಶಪುರ, ಬಾಳ್ಳುಪೇಟೆ, ಆಲೂರು, ಹಾಸನದ ಪೇಟೆಗಳಲ್ಲಿ ನಮ್ಮವರ ಅಂಗಡಿಗಳಿವೆ, ಕಾಫಿ-ಮೆಣಸಿನ ವ್ಯಾಪಾರವಿದೆ, ಹೆಣ್ಣು ಕೊಟ್ಟು ತಂದ ಸಂಬಂಧಗಳಿವೆ. ಅಲ್ಲಿನ ರೋಗಿಗಳು ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳಿಗೆ ಇಳಿಯುತ್ತಾರೆ. ಇಲ್ಲಿನ ಮಕ್ಕಳು ಓದಿಗೆ, ಕೆಲಸಕ್ಕೆ ಬೆಂಗಳೂರಿಗೆ ಹತ್ತುತ್ತಾರೆ. ಮದುವೆ ಸೀಸನ್ ಬಂತೆಂದರೆ ಶಿರಾಡಿ ಘಾಟಿಯಲ್ಲಿ ಎದುರು ಬರುವ ಕಾರುಗಳಲ್ಲಿ ಪರಿಚಯದ ಮುಖವೊಂದು ಕಾಣದೇ ಇರದು.

ಹೀಗೆ ಹೋಗಿ ಬಂದವರ ಮಾತು ಈಚಿನ ವರ್ಷಗಳಲ್ಲಿ ಒಂದೇ ಕಡೆ ಬಂದು ನಿಲ್ಲುತ್ತದೆ: "ರಿಮ್ ಹೋಯ್ತು ಮಾರಾಯ್ರೇ!" ಹೊಸ ಕಾರು, ಹೊಳೆಯುವ ಅಲಾಯ್ ಗಾಲಿ, ಒಂದು ಹೊಂಡ, ಒಂದು 'ಧಡ್' ಎಂಬ ಸದ್ದು, ಅಷ್ಟೇ. ಕೆಲವರಿಗೆ ಅಲ್ಲೇ ಗಾಳಿ ಇಳಿದು ಕಾರು ನಿಲ್ಲುತ್ತದೆ. ಇನ್ನು ಕೆಲವರು "ಏನೂ ಆಗಿಲ್ಲ, ನಡೀರಿ" ಎಂದು ಮುಂದೆ ಹೋಗುತ್ತಾರೆ. ನಮಗೆ ಹೆಚ್ಚು ಚಿಂತೆಯಾಗುವುದು ಈ ಎರಡನೆಯವರ ಬಗ್ಗೆಯೇ. ಅಲಾಯ್ ಗಾಲಿಗೆ ಬೀಳುವ ಪೆಟ್ಟು ಹೆಚ್ಚಾಗಿ ಕಣ್ಣಿಗೆ ಕಾಣುವ ಹೊರಮುಖಕ್ಕೆ ಬೀಳುವುದಿಲ್ಲ, ಕಾರಿನ ಅಡಿಗೆ ತಿರುಗಿರುವ ಒಳ ಅಂಚಿಗೆ ಬೀಳುತ್ತದೆ. ಹೊರಗಿನಿಂದ ನೋಡಿದರೆ ಗಾಲಿ ಶೋರೂಮಿನಲ್ಲಿದ್ದ ಹಾಗೆಯೇ ಹೊಳೆಯುತ್ತಿರುತ್ತದೆ.

ದಾರಿ ಹೀಗೇಕೆ?

ಬಂಟ್ವಾಳದ ಬಿ.ಸಿ.ರೋಡಿನಿಂದ ಮಾಣಿ, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ದಾಟಿ ಘಾಟಿ ಹತ್ತಿ, ಮಾರನಹಳ್ಳಿ, ದೋಣಿಗಾಲ್, ಸಕಲೇಶಪುರ, ಬಾಳ್ಳುಪೇಟೆ, ಆಲೂರು ತಾಲೂಕಿನ ಮೂಲಕ ಹಾಸನ ಸೇರುವ ಈ ದಾರಿ ರಾಷ್ಟ್ರೀಯ ಹೆದ್ದಾರಿ 75. ಹಳಬರು ಇದನ್ನು ಈಗಲೂ 48 ಎಂದೇ ಕರೆಯುತ್ತಾರೆ. ಘಾಟಿಯ ಭಾಗವನ್ನು 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದರು. ಆ ದಿನಗಳಲ್ಲಿ ಚಾರ್ಮಾಡಿ, ಸಂಪಾಜೆ ಸುತ್ತಿ ಹೋದವರಿಗೆ ಅದರ ನೆನಪು ಚೆನ್ನಾಗಿಯೇ ಇರುತ್ತದೆ.

ಕಾಂಕ್ರೀಟ್ ಬಿದ್ದ ಮೇಲೆ ಘಾಟಿಯ ಕೆಳಗಿನ ತಿರುವುಗಳು ಸುಧಾರಿಸಿದವು. ಕಷ್ಟ ಉಳಿದದ್ದು ಮೇಲೆ. ಹಾಸನದಿಂದ ಮಾರನಹಳ್ಳಿವರೆಗಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಗುಡ್ಡ ಕಡಿದ ಕಡೆ ಮಣ್ಣು ಜರಿಯಿತು. ದೋಣಿಗಾಲ್‌ನಲ್ಲಿ 2021 ಮತ್ತು 2022ರ ಮಳೆಗಾಲಗಳಲ್ಲಿ ರಸ್ತೆಯೇ ಕುಸಿಯಿತು. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತು. ಇದರ ಮೇಲೆ ಮಂಗಳೂರು ಬಂದರಿನಿಂದ ಹೊರಡುವ ಕಂಟೇನರ್ ಲಾರಿಗಳು, ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರ್‌ಗಳು ಹಗಲು ರಾತ್ರಿ ಈ ದಾರಿಯನ್ನೇ ತುಳಿಯುತ್ತವೆ.

ಡಾಮರಿಗೆ ನೀರೇ ಶತ್ರು. ಮಲೆನಾಡಿನ ಮಳೆ ನೀರು ಬಿರುಕಿನೊಳಗೆ ಇಳಿದು ಕೆಳಗಿನ ಜಲ್ಲಿ, ಮಣ್ಣನ್ನು ಸಡಿಲ ಮಾಡುತ್ತದೆ. ಮೇಲೆ ಲಾರಿಯ ಗಾಲಿ ಒತ್ತಿದಾಗ ಆ ನೀರು ಒತ್ತಡದಿಂದ ಚಿಮ್ಮಿ ಡಾಮರಿನ ತುಂಡನ್ನೇ ಕಿತ್ತು ತರುತ್ತದೆ. ಹೊಂಡ ಹುಟ್ಟುವುದು ಹೀಗೆ. ಕರಾವಳಿಯವರ ಬಾಯಲ್ಲಿ ಅದು 'ಹೊಂಡ', ಹಾಸನದವರ ಬಾಯಲ್ಲಿ 'ಗುಂಡಿ', ಗಾಲಿಗೆ ಮಾತ್ರ ಎರಡೂ ಒಂದೇ. ಕಾಂಕ್ರೀಟಿನಲ್ಲಿ ಹೊಂಡ ಕಡಿಮೆ. ಆದರೆ ಕಾಂಕ್ರೀಟ್ ಮುಗಿದು ಡಾಮರು ಶುರುವಾಗುವ ಜಾಗದಲ್ಲಿ, ಸೇತುವೆಯ ಆಚೀಚೆ, ಬದಲಿ ರಸ್ತೆ ಮುಖ್ಯ ರಸ್ತೆಗೆ ಸೇರುವಲ್ಲಿ ಮೆಟ್ಟಿಲಿನಂಥ ಅಂಚು ಏಳುತ್ತದೆ. ಈ ಚೂಪು ಅಂಚು ಗಾಲಿಗೆ ಹೊಂಡಕ್ಕಿಂತ ಕೆಟ್ಟದ್ದು.

ಆಲೂರು, ಸಕಲೇಶಪುರದ ಒಳರಸ್ತೆಗಳ ಕಥೆ ಬೇರೆ. ತೋಟದ ದಾರಿಗಳು ಅಗಲ ಕಿರಿದು, ಎದುರಿನಿಂದ ಜೀಪೋ ಟ್ರ್ಯಾಕ್ಟರೋ ಬಂದರೆ ಒಂದು ಬದಿಯ ಗಾಲಿಯನ್ನು ಡಾಮರಿನಿಂದ ಕೆಳಗೆ ಇಳಿಸಲೇಬೇಕು. ಹುಲ್ಲಿನ ಅಡಿಯಲ್ಲಿ ಕಲ್ಲೋ ಚರಂಡಿಯ ಗೋಡೆಯೋ ಇರುತ್ತದೆ. ಬಿಳಿ ಬಣ್ಣ ಅಳಿಸಿಹೋದ ಹಂಪ್‌ಗಳು ಊರೂರಿಗೂ ಇವೆ. ಮೇಲಿಂದ ಮಂಜು. ಟಿಪ್ಪು ಸುಲ್ತಾನ್ ಕಟ್ಟಿಸಿ 1792ರಲ್ಲಿ ಮುಗಿದ, ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ದೋಣಿಗಾಲ್ ಬಳಿ ಇದೇ ಹೆದ್ದಾರಿಯ ಪಕ್ಕದ ಗುಡ್ಡದ ಮೇಲಿದೆ. ಈ ಮಂಜಿನಿಂದಲೇ ಕೋಟೆಗೆ ಆ ಹೆಸರು ಬಂತೆಂದು ಜನ ಹೇಳುತ್ತಾರೆ. ಬೆಳಗಿನ ಜಾವ ಅಲ್ಲಿ ಹಾದುಹೋದವರಿಗೆ ಆ ಮಾತು ನಂಬಲು ಕಷ್ಟವಾಗುವುದಿಲ್ಲ. ಹತ್ತು ಮಾರು ದೂರದ ಹೊಂಡ ಹತ್ತಿರ ಬಂದ ಮೇಲೆಯೇ ಕಾಣುವುದು.

ಕಬ್ಬಿಣ ಬಗ್ಗುತ್ತದೆ, ಅಲಾಯ್ ಸೀಳುತ್ತದೆ

ಹಿಂದಿನ ಅಂಬಾಸಿಡರ್, ಜೀಪುಗಳಿಗೆ ಇದ್ದದ್ದು ಉಕ್ಕಿನ ರಿಮ್. ಹೊಂಡಕ್ಕೆ ಬಿದ್ದರೆ ಅಂಚು ಬಗ್ಗುತ್ತಿತ್ತು, ಪಂಕ್ಚರ್ ಅಂಗಡಿಯವರು ಸುತ್ತಿಗೆಯಲ್ಲಿ ನಾಲ್ಕು ಏಟು ಹೊಡೆದು ನೇರ ಮಾಡಿ ಕೊಡುತ್ತಿದ್ದರು. ಈಗಲೂ ಬಹಳ ಕಾರುಗಳ ಕಡಿಮೆ ಬೆಲೆಯ ಮಾದರಿಗಳಿಗೆ ಉಕ್ಕಿನ ರಿಮ್ ಬರುತ್ತದೆ, ಮೇಲೊಂದು ಪ್ಲಾಸ್ಟಿಕ್ ಕ್ಯಾಪ್ ಇರುತ್ತದೆ. ಮೇಲಿನ ಮಾದರಿಗೆ ಹೋದರೆ ಅಲಾಯ್.

ಕಾರಿನ ಅಲಾಯ್ ಗಾಲಿ ಅಂದರೆ ಅಲ್ಯೂಮಿನಿಯಂ ಎರಕ. ಸಾಮಾನ್ಯವಾಗಿ ಅಲ್ಯೂಮಿನಿಯಂಗೆ ಶೇ. 7ರಷ್ಟು ಸಿಲಿಕಾನ್, ಚೂರು ಮೆಗ್ನೀಷಿಯಂ ಬೆರೆಸಿ ಅಚ್ಚಿಗೆ ಎರೆಯುತ್ತಾರೆ. ಬಳಿಕ 500 ಡಿಗ್ರಿಗೂ ಮೀರಿದ ಶಾಖದಲ್ಲಿ ಕಾಯಿಸಿ, ನೀರಿನಲ್ಲಿ ಅದ್ದಿ, ಮತ್ತೆ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಗಾಲಿಗೆ ಗಟ್ಟಿತನ ಬರುವುದು ಈ ಕಾಯಿಸುವ ಹದದಿಂದ. ಹೀಗೆ ಆದ ಗಾಲಿ ಹಗುರ, ಕಾರಿನ ಓಟ ನಯ. ಅಲ್ಯೂಮಿನಿಯಂ ಶಾಖವನ್ನು ಬೇಗ ಹರಡುವುದರಿಂದ ಘಾಟಿ ಇಳಿಯುವಾಗ ಕಾದ ಬ್ರೇಕಿಗೂ ಒಳ್ಳೆಯದೇ. ಆದ್ದರಿಂದ ಅಲಾಯ್ ಅಂದರೆ ಬರೀ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೆ ಉಕ್ಕಿನಷ್ಟು ಬಗ್ಗುವ ಗುಣವಿಲ್ಲ. ಪೆಟ್ಟು ಜೋರಾದರೆ ಸ್ವಲ್ಪ ಬಗ್ಗಿ, ಅಲ್ಲಿಂದ ಮುಂದೆ ಬಿರುಕು ಬಿಡುತ್ತದೆ.

ಒಳ ಅಂಚಿಗೇ ಏಕೆ ಪೆಟ್ಟು? ಗಾಲಿಯ ಹೊರಮುಖಕ್ಕೆ ಕಡ್ಡಿಗಳ ಆಧಾರವಿದೆ. ಒಳಗಡೆ ಅದು ಬರೀ ಒಂದು ಟೊಳ್ಳು ಡ್ರಮ್ಮಿನ ಹಾಗೆ, ಆ ತುದಿಯನ್ನು ಹಿಡಿದು ನಿಲ್ಲಿಸುವ ಕಡ್ಡಿಯಿಲ್ಲ. ಹೊಂಡದ ಅಂಚು ಬಡಿದಾಗ ಟಯರ್ ಚಪ್ಪಟೆಯಾಗಿ, ರಸ್ತೆ ಮತ್ತು ರಿಮ್ಮಿನ ನಡುವೆ ಸಿಕ್ಕಿಕೊಳ್ಳುತ್ತದೆ. ಟಯರಿಗೆ ತಡೆಯಲಾಗದ ಬಲವೆಲ್ಲ ರಿಮ್ಮಿಗೆ ಹೋಗುತ್ತದೆ, ಆಧಾರವಿಲ್ಲದ ಒಳ ಅಂಚು ಮೊದಲು ಸೋಲುತ್ತದೆ.

ಎರಡು ಇಂಚಿನ ಆಸೆ

ಇಲ್ಲಿ ಟಯರಿನ ಅಳತೆಯ ಒಂದು ಸಣ್ಣ ಲೆಕ್ಕ ಮನೆಯವರೆಲ್ಲ ತಿಳಿದಿರಬೇಕಾದದ್ದು. ಟಯರಿನ ಬದಿಯಲ್ಲಿ 185/65 ಆರ್ 15 ಎಂದು ಬರೆದಿದೆ ಎನ್ನಿ. 185 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಆ ಅಗಲದ ಶೇ. 65ರಷ್ಟು ಟಯರಿನ ಗೋಡೆಯ ಎತ್ತರ, ಸುಮಾರು 120 ಮಿ.ಮೀ. 15 ಎಂದರೆ ರಿಮ್ಮಿನ ಇಂಚು. ಈಗ ಅದೇ ಕಾರಿಗೆ 'ಲುಕ್' ಬರಲಿ ಎಂದು 205/45 ಆರ್ 17 ಹಾಕಿದರೆ ಗಾಲಿಯ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಟಯರಿನ ಗೋಡೆ ಮಾತ್ರ 92 ಮಿ.ಮೀ.ಗೆ ಇಳಿಯುತ್ತದೆ. ರಿಮ್ಮಿಗೂ ಹೊಂಡಕ್ಕೂ ನಡುವೆ ಇದ್ದ ಮೆತ್ತೆಯಲ್ಲಿ ಒಂದು ಇಂಚಿಗಿಂತ ಹೆಚ್ಚು ಹೋಯಿತು. ಈ ಮೆತ್ತೆಯೇ ಶಿರಾಡಿಯಲ್ಲಿ ನಮ್ಮನ್ನು ಕಾಯುವುದು.

ದುಬೈ, ದಮಾಮ್, ದೋಹಾದಲ್ಲಿ ದುಡಿದು ಬಂದ ನಮ್ಮ ಹುಡುಗರು ಅಲ್ಲಿನ ನುಣ್ಣನೆಯ ರಸ್ತೆಗಳಲ್ಲಿ ದೊಡ್ಡ ರಿಮ್, ತೆಳು ಟಯರಿನ ಕಾರುಗಳನ್ನು ನೋಡಿದವರು. ಊರಿಗೆ ಬಂದು ಕಾರು ಕೊಂಡಾಗ ಅದೇ ಚಂದ ಬೇಕೆನಿಸುವುದು ಸಹಜ. ಆದರೆ ಆ ರಸ್ತೆ ಬೇರೆ, ದೊಡ್ಡತಪ್ಪಲೆಯ ರಸ್ತೆ ಬೇರೆ. ಉಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ, ಸಣ್ಣ ಮಕ್ಕಳನ್ನು ಕೂರಿಸಿ ಘಾಟಿ ಹತ್ತುವ ಕಾರಿಗೆ ಕಂಪನಿ ಕೊಟ್ಟ ಅಳತೆಯೇ ಸಾಕು. ಒಂದೇ ಕಾರಿನ ಎರಡು ಮಾದರಿಗಳಲ್ಲಿ ಒಂದಕ್ಕೆ 15, ಇನ್ನೊಂದಕ್ಕೆ 16 ಇಂಚಿನ ರಿಮ್ ಇದ್ದರೆ, ತಿಂಗಳಿಗೊಮ್ಮೆ ಘಾಟಿ ಹತ್ತುವವರು 15ರದ್ದನ್ನು ತೆಗೆದುಕೊಂಡರೆ ನಷ್ಟವಿಲ್ಲ.

ಹೊರಗಿನ ಅಂಗಡಿಯಲ್ಲಿ ಅಲಾಯ್ ಹಾಕಿಸುವವರು ಇನ್ನೂ ಎರಡು ವಿಷಯ ನೋಡಬೇಕು. ಒಂದು, ಆ ಗಾಲಿ ನಿಮ್ಮ ಕಾರಿನ ತೂಕವನ್ನು ಹೊರುವುದಕ್ಕೆಂದೇ ಮಾಡಿದ್ದೇ, ಐಎಸ್‌ಐ ಗುರುತು ಇದೆಯೇ ಎಂಬುದು. ಎರಡು, ಬದಲಾವಣೆಯನ್ನು ವಿಮೆ ಕಂಪನಿಗೆ ತಿಳಿಸಿದ್ದೀರಾ ಎಂಬುದು. ಹೇಳದೆ ಹಾಕಿಸಿದ ಗಾಲಿಗೆ ಕ್ಲೇಮ್ ಕೇಳಲು ಹೋದರೆ ತಕರಾರು ಖಂಡಿತ.

ಗಾಲಿ ಸೊಟ್ಟಗಾದರೆ ಹೇಗೆ ಗೊತ್ತಾಗುತ್ತದೆ?

ಮೊದಲ ಲಕ್ಷಣ ನಡುಕ. ನಿಧಾನ ಹೋಗುವಾಗ ಏನೂ ಅನಿಸದು, 80 ದಾಟಿದ ಮೇಲೆ ಸ್ಟೀರಿಂಗ್ ಕೈಯಲ್ಲಿ ಅದುರತೊಡಗುತ್ತದೆ. ಸ್ಟೀರಿಂಗ್ ನಡುಗಿದರೆ ಮುಂದಿನ ಗಾಲಿಯ ಮೇಲೆ ಸಂಶಯ ಪಡಿ. ಸೀಟು ನಡುಗಿದರೆ ಹಿಂದಿನದರ ಮೇಲೆ.

ಎರಡನೆಯದು ಗಾಳಿ. ಈಗಿನ ಟಯರುಗಳು ಟ್ಯೂಬ್‌ಲೆಸ್. ಟಯರಿನ ಅಂಚು ರಿಮ್ಮಿಗೆ ಒತ್ತಿ ಕೂತದ್ದರಿಂದಲೇ ಗಾಳಿ ಒಳಗೆ ನಿಲ್ಲುವುದು. ರಿಮ್ಮಿನ ಅಂಚು ಒಂದು ಕಡೆ ಬಗ್ಗಿದ್ದರೆ ಅಲ್ಲಿಂದ ಮೆಲ್ಲ ಮೆಲ್ಲ ಗಾಳಿ ಜಾರುತ್ತದೆ. "ಮೊಳೆ ಇಲ್ಲ, ಪಂಕ್ಚರ್ ಇಲ್ಲ, ಆದ್ರೂ ವಾರಕ್ಕೊಮ್ಮೆ ಗಾಳಿ ಹಾಕ್ಬೇಕು" ಎಂದು ಹೇಳುವವರ ಕಾರಿನಲ್ಲಿ ಹಲವು ಬಾರಿ ಇದೇ ಕಾರಣ. ಗಾಳಿ ಕಡಿಮೆಯಾದ ಟಯರಿನೊಂದಿಗೆ ಮುಂದಿನ ಹೊಂಡಕ್ಕೆ ಬಿದ್ದರೆ ಪೆಟ್ಟು ಇನ್ನೂ ಜೋರು.

ಮೂರನೆಯದು ಟಯರಿನ ಗೋಡೆಯಲ್ಲಿ ಬುಗ್ಗೆ. ಒಳಗಿನ ನೂಲಿನ ಪದರ ಹರಿದಾಗ ಗಾಳಿ ಹೊರಗೆ ಒತ್ತಿ ಗುಳ್ಳೆಯ ಹಾಗೆ ಉಬ್ಬುತ್ತದೆ. ಇದಕ್ಕೆ ರಿಪೇರಿ ಇಲ್ಲ. ಬುಗ್ಗೆ ಬಂದ ಟಯರಿನಲ್ಲಿ ಘಾಟಿ ಇಳಿಯುವುದೆಂದರೆ ಯಾವ ತಿರುವಿನಲ್ಲಿ ಒಡೆಯುತ್ತದೋ ಎಂದು ಕಾಯುವುದು. ಅಂಥ ಟಯರನ್ನು ಅವತ್ತೇ ಬದಲಿಸಿ.

ನಮ್ಮ ಮನೆಯ ಕಾರೊಂದನ್ನು ಮಳೆಗಾಲ ಮುಗಿದ ಮೇಲೆ ಅಲೈನ್‌ಮೆಂಟ್‌ಗೆ ಒಯ್ದಿದ್ದೆವು. ಮೊದಲ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ ಮೆಷಿನಿಗೆ ಹಾಕಿ, ಒಂದರ ಮೇಲೊಂದು ಸೀಸದ ತುಂಡು ಅಂಟಿಸಿ, "ಆಯ್ತು ಸಾರ್" ಎಂದು ಕಳಿಸಿದರು. ನಡುಕ ಹೋಗಲಿಲ್ಲ. ಇನ್ನೊಂದು ಕಡೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಗಾಲಿಯನ್ನು ಮೆಷಿನಿನಲ್ಲಿ ಸುಮ್ಮನೆ ತಿರುಗಲು ಬಿಟ್ಟು, ರಿಮ್ಮಿನ ಅಂಚಿನ ಬಳಿ ಒಂದು ಸ್ಕ್ರೂಡ್ರೈವರನ್ನು ಅಲುಗದಂತೆ ಹಿಡಿದರು. ಅಂಚು ಒಮ್ಮೆ ಹತ್ತಿರ ಬರುತ್ತಿತ್ತು, ಒಮ್ಮೆ ದೂರ ಹೋಗುತ್ತಿತ್ತು. "ಕಾಕ, ನೀವು ತೊಳೆಯೋದು ಹೊರಗೆ ಮಾತ್ರ ಅಲ್ವಾ? ಒಳಗೆ ನೋಡಿ" ಎಂದರು. ಕೆಸರು ಒರೆಸಿದಾಗ ಹೆಬ್ಬೆರಳು ಕೂರುವಷ್ಟು ತಗ್ಗು ಕಂಡಿತು.

ಸೀಸದ ತುಂಡು ತೂಕದ ವ್ಯತ್ಯಾಸವನ್ನು ಸರಿಮಾಡುತ್ತದೆ, ಸೊಟ್ಟಗಾದ ಗಾಲಿಯನ್ನು ದುಂಡಗೆ ಮಾಡಲಾರದು. ಆದ್ದರಿಂದ ಬ್ಯಾಲೆನ್ಸಿಂಗ್‌ಗೆ ಕೊಟ್ಟಾಗ "ರಿಮ್ ಬೆಂಡ್ ಇದೆಯಾ ನೋಡಿ" ಎಂದು ಬಾಯಿಬಿಟ್ಟು ಕೇಳಬೇಕು. ಇನ್ನೊಂದು ಉಪಾಯವನ್ನೂ ಕೆಲವರು ಹೇಳುತ್ತಾರೆ: ಬೆಂಡ್ ಆದ ಗಾಲಿಯನ್ನು ಹಿಂದಕ್ಕೆ ಹಾಕಿ, ಸ್ಟೀರಿಂಗ್ ನಡುಗುವುದಿಲ್ಲ. ನಡುಗುವುದು ಕಡಿಮೆಯಾಗಬಹುದು, ಗಾಲಿ ಸರಿಯಾಗುವುದಿಲ್ಲ. ತುಂಬಿದ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ ಎಂಬುದನ್ನು ಮರೆಯಬಾರದು.

ರಿಪೇರಿ ಎಲ್ಲಿಯವರೆಗೆ?

ಹಾಸನ, ಮಂಗಳೂರಿನಲ್ಲಿ ಅಲಾಯ್ ನೇರ ಮಾಡುವವರು ಸಿಗುತ್ತಾರೆ. ಜಾಕಿನಂಥ ಹೈಡ್ರಾಲಿಕ್ ಯಂತ್ರದಲ್ಲಿ ಗಾಲಿ ಕೂರಿಸಿ, ಬಗ್ಗಿದ ಜಾಗವನ್ನು ಬಿಸಿ ಮಾಡಿ ಮೆಲ್ಲಗೆ ಒತ್ತುತ್ತಾರೆ. ಒಳ ಅಂಚಿನ ಸಣ್ಣ ಬೆಂಡ್, ಬಿರುಕಿಲ್ಲ ಎಂದಾದರೆ ಒಮ್ಮೆ ನೇರ ಮಾಡಿಸಿ ಬಳಸಬಹುದು. ಆದರೆ ಮೇಲೆ ಹೇಳಿದ ಕಾಯಿಸುವ ಹದ ನೆನಪಿರಲಿ. ಗ್ಯಾಸಿನ ಬೆಂಕಿ ಜೋರಾಗಿ ತಾಗಿದ ಜಾಗದಲ್ಲಿ ಆ ಹದ ಕೆಡುತ್ತದೆ, ಲೋಹ ಮೆದುವಾಗುತ್ತದೆ. ಅದೇ ಜಾಗವನ್ನು ಎರಡನೇ ಸಲ, ಮೂರನೇ ಸಲ ಕಾಯಿಸಿ ಒತ್ತಿಸುವುದು ಬೇಡ. ಸುತ್ತಿಗೆಯಲ್ಲಿ ಹೊಡೆದು ಸರಿಮಾಡುತ್ತೇವೆ ಎನ್ನುವವರಿಗೆ ಅಲಾಯ್ ಗಾಲಿ ಕೊಡಲೇಬೇಡಿ.

ಬಿರುಕು ಬಿಟ್ಟಿದ್ದರೆ ಮಾತೇ ಬೇರೆ. ಬಿರುಕಿಗೆ ವೆಲ್ಡಿಂಗ್ ಮಾಡಿ, ಉಜ್ಜಿ, ಬಣ್ಣ ಹೊಡೆದರೆ ಹೊಸದರ ಹಾಗೆ ಕಾಣುತ್ತದೆ. ಕಡ್ಡಿಯಲ್ಲಿ, ನಟ್ಟು ಕೂರುವ ನಡುಭಾಗದಲ್ಲಿ, ಟಯರ್ ಕೂರುವ ಜಾಗದಲ್ಲಿ ಬಿರುಕಿದ್ದರೆ ಆ ಗಾಲಿಯನ್ನು ಗುಜರಿಗೆ ಹಾಕುವುದೇ ಕ್ಷೇಮ. ಘಾಟಿ ಇಳಿಯುವಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಬ್ರೇಕ್ ಒತ್ತಿದಾಗ ಇನ್ನೂ ವಾಲುತ್ತದೆ. ಬೆಸುಗೆ ಹಾಕಿದ ಗಾಲಿಯ ಮೇಲೆ ಆ ಭಾರ ಹೊರಿಸಿ ಪರೀಕ್ಷೆ ಮಾಡುವುದು ಯಾರಿಗೂ ಬೇಡ. ನಾಲ್ಕರಲ್ಲಿ ಒಂದು ಗಾಲಿ ಹೋದರೆ ಒಂದನ್ನೇ ಕೊಂಡರೆ ಸಾಕು, ಅಳತೆ ಮತ್ತು ಮಾದರಿ ಅದೇ ಇರಲಿ. ಖರ್ಚು ಹೆಚ್ಚೆನಿಸಿದರೆ ಅದೇ ಕಾರಿನ ಉಕ್ಕಿನ ರಿಮ್ ಹಾಕಿಸುವುದು ಮರ್ಯಾದೆ ಕಡಿಮೆಯ ಕೆಲಸವಲ್ಲ. ಕೆಲವು ಕಾರುಗಳಲ್ಲಿ ಅಲಾಯ್‌ಗೂ ಉಕ್ಕಿನ ರಿಮ್ಮಿಗೂ ಬೇರೆ ಬೇರೆ ನಟ್ಟು ಬರುತ್ತದೆ, ಅದನ್ನು ಕೇಳಿ ತಿಳಿದುಕೊಳ್ಳಿ.

ಹೊರಡುವ ಮೊದಲು, ಹೊಂಡ ಕಂಡಾಗ

ಗಾಳಿಯನ್ನು ಬೆಳಿಗ್ಗೆ, ಟಯರ್ ತಣ್ಣಗಿರುವಾಗ ನೋಡಬೇಕು. ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿ ಬಂದು ಪೆಟ್ರೋಲ್ ಪಂಪಿನಲ್ಲಿ ಅಳೆದರೆ ಬಿಸಿಗೆ ಹಿಗ್ಗಿದ ಗಾಳಿ ಹೆಚ್ಚು ತೋರಿಸುತ್ತದೆ. "ಜಾಸ್ತಿ ಇದೆ" ಎಂದು ಬಿಟ್ಟು ಬಂದರೆ ಸಕಲೇಶಪುರದ ಚಳಿಯ ರಾತ್ರಿಯಲ್ಲಿ ಅದು ಕಡಿಮೆಯಾಗಿರುತ್ತದೆ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಲೆಕ್ಕ ಇರುತ್ತದೆ, ಕಡಿಮೆ ಜನರಿಗೊಂದು, ಪೂರ್ತಿ ಭಾರಕ್ಕೊಂದು. ಮದುವೆಗೆ ಹೊರಟ ನಮ್ಮ ಕಾರುಗಳಿಗೆ ಎರಡನೆಯದೇ ಲೆಕ್ಕ. ಐದು ಸೀಟಿನಲ್ಲಿ ಏಳು ಜನ, ಡಿಕ್ಕಿ ತುಂಬ ಬಟ್ಟೆಬರೆ, ಮೇಲೊಂದು ಬಿರಿಯಾನಿಯ ಪಾತ್ರೆ ಎಂದಾದರೆ ಯಾವ ರಿಮ್ಮೂ ತಡೆಯದು. ಇನ್ನೊಂದು ಕಾರು ಮಾಡಿಕೊಳ್ಳುವುದೇ ಅಗ್ಗ.

ಸ್ಟೆಪ್ನಿ ಇದೆಯೇ, ಅದರಲ್ಲಿ ಗಾಳಿ ಇದೆಯೇ ನೋಡಿ. 2020ರ ನಿಯಮ ತಿದ್ದುಪಡಿಯ ನಂತರ, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಆ ಕಿಟ್ ಮೊಳೆ ಚುಚ್ಚಿದ ತೂತಿಗೆ ಸರಿ, ಬಗ್ಗಿದ ರಿಮ್ಮಿಗೂ ಹರಿದ ಟಯರ್ ಗೋಡೆಗೂ ಅದರಿಂದ ಪ್ರಯೋಜನವಿಲ್ಲ. ಕೆಲವು ಕಾರುಗಳಲ್ಲಿ ಇರುವ ಸಪೂರ ಸ್ಟೆಪ್ನಿ ತಾತ್ಕಾಲಿಕ. ಅದರ ಮೇಲೆಯೇ ವೇಗದ ಮಿತಿ ಬರೆದಿರುತ್ತದೆ, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಗಾಲಿ ಬಿಚ್ಚುವ ಪಾನ, ಜಾಕ್, ಒಂದು ಟಾರ್ಚ್, ಕೆಂಪು ತ್ರಿಕೋನ ಕಾರಿನಲ್ಲಿ ಇರಲಿ. ಮನೆಯ ಹೆಂಗಸರಿಗೂ ದೊಡ್ಡ ಮಕ್ಕಳಿಗೂ ಅಂಗಳದಲ್ಲೇ ಒಮ್ಮೆ ಗಾಲಿ ಬದಲಿಸಿ ತೋರಿಸಿದರೆ ಇನ್ನೂ ಒಳ್ಳೆಯದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಸಿಗದ ಜಾಗಗಳಿವೆ. ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ, ರಾತ್ರಿ ರಸ್ತೆ ದಾಟುತ್ತವೆ. ಅಂಥ ಕಡೆ ಕತ್ತಲಲ್ಲಿ ಮಕ್ಕಳನ್ನು ಇಳಿಸಿಕೊಂಡು ನಿಲ್ಲುವ ಪರಿಸ್ಥಿತಿ ಯಾರಿಗೂ ಬರಬಾರದು. ಗಾಳಿ ಪೂರ್ತಿ ಹೋಗಿಲ್ಲವಾದರೆ ನಿಧಾನವಾಗಿ ಮನೆ, ಅಂಗಡಿ, ಬೆಳಕು ಇರುವ ಜಾಗದವರೆಗೆ ಹೋಗಿ ನಿಲ್ಲಿಸಿ. ರಿಮ್ ಹಾಳಾದರೆ ದುಡ್ಡು ಹೋಗುತ್ತದೆ, ಅಷ್ಟೇ. ಸಾಧ್ಯವಾದರೆ ಮಳೆಗಾಲದಲ್ಲಿ ಹಗಲಲ್ಲೇ ಘಾಟಿ ದಾಟುವ ಹಾಗೆ ಹೊರಡಿ.

ಓಡಿಸುವವರಿಗೆ ಮೂರು ಮಾತು. ಮೊದಲನೆಯದು ವೇಗ. 40ರ ವೇಗದಲ್ಲಿ ಇರುವ ಚಲನಶಕ್ತಿಗಿಂತ 80ರಲ್ಲಿ ನಾಲ್ಕು ಪಟ್ಟು ಹೆಚ್ಚು, ಎರಡು ಪಟ್ಟಲ್ಲ. ಎರಡನೆಯದು ಬ್ರೇಕ್. ಹೊಂಡ ದೂರದಲ್ಲಿ ಕಂಡರೆ ಮೊದಲೇ ಬ್ರೇಕ್ ಒತ್ತಿ ವೇಗ ಇಳಿಸಿ, ಗಾಲಿ ಹೊಂಡಕ್ಕೆ ಇಳಿಯುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು. ಬ್ರೇಕ್ ಒತ್ತಿಕೊಂಡೇ ಹೊಂಡಕ್ಕೆ ಬಿದ್ದರೆ ಮುಂಭಾಗ ತಗ್ಗಿ, ಸ್ಪ್ರಿಂಗ್ ಮೊದಲೇ ಕುಗ್ಗಿ, ಪೆಟ್ಟೆಲ್ಲ ಮುಂದಿನ ರಿಮ್ಮಿಗೆ ಬೀಳುತ್ತದೆ. ಮೂರನೆಯದು ಅಂತರ. ಟ್ಯಾಂಕರಿನ ಹಿಂದೆ ಅಂಟಿಕೊಂಡು ಹೋದರೆ ಅದರ ಅಡಿಯಿಂದ ಹೊರಬರುವ ಹೊಂಡ ಕಾಣುವುದಿಲ್ಲ. ನೀರು ನಿಂತ ಹೊಂಡದ ಆಳ ಯಾರಿಗೂ ತಿಳಿಯದು. ಹೊಂಡ ತಪ್ಪಿಸಲು ಹೋಗಿ ಎದುರಿನ ಲಾರಿಯ ದಾರಿಗೆ ನುಗ್ಗುವುದಕ್ಕಿಂತ ರಿಮ್ ಹೋಗುವುದು ಲೇಸು.

ವಿಮೆ ಏನು ಕೊಡುತ್ತದೆ?

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಿಮ್ಮ ಗಾಲಿಗೆ ಏನೂ ಸಿಗದು. ಪೂರ್ಣ ವಿಮೆಯಲ್ಲೂ ಟಯರಿಗೆ ಒಂದು ಕಟ್ಟಿದೆ: ಸಾಮಾನ್ಯ ಪಾಲಿಸಿಯಲ್ಲಿ ಅದೇ ಅಪಘಾತದಲ್ಲಿ ಕಾರಿಗೂ ಹಾನಿಯಾಗಿದ್ದರೆ ಮಾತ್ರ ಟಯರಿಗೆ ಹಣ, ಅದೂ ಬದಲಿಸುವ ಬೆಲೆಯ ಶೇ. 50ರ ಮಿತಿಯಲ್ಲಿ. ಟಯರ್ ರಕ್ಷಣೆಯ ಪ್ರತ್ಯೇಕ ಸೇರ್ಪಡೆಗಳು ಸಿಗುತ್ತವೆ. ಆದರೆ ಅದರಲ್ಲಿ ರಿಮ್ ಸೇರಿದೆಯೇ ಎಂಬುದನ್ನು ಓದಿಯೇ ಹಣ ಕಟ್ಟಿ. ಇನ್ನೊಂದು ಲೆಕ್ಕ ನೋ ಕ್ಲೇಮ್ ಬೋನಸ್‌ನದು. ಕ್ಲೇಮ್ ಮಾಡದ ವರ್ಷಗಳಿಗೆ ಶೇ. 20ರಿಂದ ಶುರುವಾಗಿ ಶೇ. 50ರವರೆಗೆ ಸಿಗುವ ಆ ರಿಯಾಯಿತಿ ಒಂದು ಗಾಲಿಯ ಕ್ಲೇಮಿನಿಂದ ಕೈತಪ್ಪಬಹುದು. ಗಾಲಿಯ ಬೆಲೆ, ಮುಂದಿನ ವರ್ಷ ಕಳೆದುಕೊಳ್ಳುವ ರಿಯಾಯಿತಿ ಎರಡನ್ನೂ ಚೀಟಿಯಲ್ಲಿ ಬರೆದು ಹೋಲಿಸಿ, ಆಮೇಲೆ ನಿರ್ಧರಿಸಿ. ಹೊಂಡಕ್ಕೆ ಬಿದ್ದು ಹಾಳಾದ ಗಾಲಿಗೆ ಕಾರು ಕಂಪನಿಯ ವಾರಂಟಿ ಸಾಮಾನ್ಯವಾಗಿ ಬರುವುದಿಲ್ಲ.

ರಸ್ತೆಯ ದೂರನ್ನು ಬಾಯಲ್ಲಿ ಹೇಳಿ ಸುಮ್ಮನಾಗಬಾರದು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ಕೆಟ್ಟು ನಿಂತಾಗ ನೆರವಿಗೂ ಅದೇ ನಂಬರ್. 'ರಾಜಮಾರ್ಗ ಯಾತ್ರಾ' ಆ್ಯಪ್‌ನಲ್ಲಿ ಹೊಂಡದ ಫೋಟೊ ಹಾಕಿ ದೂರು ಕೊಡಬಹುದು. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಬರೆದುಕೊಳ್ಳಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮಿನ ಪ್ರಕಾರ, ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ರಸ್ತೆ ಮಾಡಿ ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಸೊಟ್ಟಗಾದ ರಿಮ್ಮಿಗೆ ಆ ಕಲಮು ಬರುವುದಿಲ್ಲ. ಆದರೆ ದಿನಾಂಕ, ಜಾಗ, ಫೋಟೊ ಸಹಿತ ದಾಖಲಾದ ದೂರು ಇದ್ದರೆ "ನಮಗೆ ಗೊತ್ತೇ ಇರಲಿಲ್ಲ" ಎಂದು ನಾಳೆ ಯಾರೂ ಹೇಳಲಾರರು. ನಮ್ಮ ಜಮಾಅತ್‌ಗಳ, ಯುವಕ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೊಂಡದ ಫೋಟೊ ತಿರುಗಾಡುವುದು ಧಾರಾಳ. ಅದೇ ಫೋಟೊವನ್ನು 1033ಕ್ಕೆ ಮುಟ್ಟಿಸುವ ಕೆಲಸವನ್ನೂ ಗುಂಪಿನ ಒಬ್ಬರು ವಹಿಸಿಕೊಳ್ಳಬಹುದು.

ಮಾರುವಾಗ ಹೇಳಿಬಿಡಿ

ಕೊನೆಗೊಂದು ವಿಷಯ. ಹಳೆ ಕಾರಿನ ವ್ಯಾಪಾರದಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ, ಮನೆಯ ಕಾರನ್ನು ಪರಿಚಯದವರಿಗೇ ಕೊಡುವ ವಾಡಿಕೆಯೂ ಇದೆ. ಗಾಲಿ ಉಜ್ಜಿ, ಬಣ್ಣ ಹೊಡೆಸಿ, ಬಿರುಕಿನ ಬೆಸುಗೆ ಕಾಣದ ಹಾಗೆ ಮಾಡಿ ಕಾರು ದಾಟಿಸುವುದು ಸುಲಭ. ಸರಕಿನ ದೋಷ ಮುಚ್ಚಿಟ್ಟು ಮಾರಬಾರದೆಂಬುದು ನಾವೆಲ್ಲ ಮದ್ರಸದ ಬೆಂಚಿನಲ್ಲೇ ಕಲಿತ ಪಾಠ. ಒದ್ದೆ ಧಾನ್ಯವನ್ನು ಅಡಿಗೆ ಹಾಕಿ ಒಣಗಿದ್ದನ್ನು ಮೇಲೆ ಹರಡುವುದಕ್ಕೂ, ಸೀಳಿದ ಗಾಲಿಗೆ ಬಣ್ಣ ಹೊಡೆದು ತೋರಿಸುವುದಕ್ಕೂ ವ್ಯತ್ಯಾಸವಿಲ್ಲ. ಧಾನ್ಯದಲ್ಲಿ ಹೋಗುವುದು ದುಡ್ಡು, ಗಾಲಿಯಲ್ಲಿ ಜೀವವೇ ಹೋಗಬಹುದು. "ಎಡಗಡೆ ಮುಂದಿನ ರಿಮ್ ಒಮ್ಮೆ ನೇರ ಮಾಡಿಸಿದ್ದೇನೆ" ಎಂಬ ಒಂದು ಮಾತು ಹೇಳಿ, ಬೇಕಾದರೆ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಡಿ.

ಕೊಳ್ಳುವವರೂ ಅಷ್ಟೇ. ಎಂಜಿನ್ನಿನ ಸದ್ದು ಕೇಳಿ, ಎಸಿ ತಂಪು ನೋಡಿ, ಸೀಟಿನ ಬಟ್ಟೆ ಮುಟ್ಟಿ ಮುಂಗಡ ಕೊಟ್ಟುಬಿಡಬೇಡಿ. ಪಂಕ್ಚರ್ ಅಂಗಡಿಗೆ ಒಯ್ದು ನಾಲ್ಕೂ ಗಾಲಿ ಬಿಚ್ಚಿಸಿ, ಒಳಗಿನ ಕೆಸರು ಒರೆಸಿ, ಅಂಚಿನ ಸುತ್ತ ಬೆರಳಾಡಿಸಿ ನೋಡಿ. ಮನೆಯಲ್ಲಿರುವ ಕಾರಿಗೂ ಮುಂದಿನ ಸಲ ಘಾಟಿ ಹತ್ತುವ ಮೊದಲು ಅಷ್ಟು ಮಾಡಿಸಿದರೆ ಅರ್ಧ ಗಂಟೆಯ ಕೆಲಸ.